ಅಂಗುಲಕ್ಕೆ ಆರಡಿ: ರಾಯಚೂರು ಮುತ್ತಿಗೆಯ ಪುಟ್ಟ ಮಾದರಿ



ಯುದ್ಧದ ಒಂದೇ ಒಂದು ಗಳಿಗೆಯನ್ನು ಆರಿಸಿಕೊಂಡು, ಅದನ್ನು ಅಳತೆ ತಪ್ಪದಂತೆ ಕಿರಿದು ಮಾಡಿ, ಹಲಗೆಯ ಮೇಲೆ ನೆಲ, ಗೋಡೆ, ಗಿಡ, ಆಳು, ಆನೆ, ಕುದುರೆ ಕೂರಿಸಿ, ಬಣ್ಣ ಹಚ್ಚಿ ನಿಲ್ಲಿಸುವ ಒಂದು ಹವ್ಯಾಸ ಇದೆ. ಡಯೋರಾಮಾ ಎಂದು ಅದರ ಹೆಸರು. ದೊಡ್ಡ ಪಟ್ಟಣಗಳ ಅಂಗಡಿಗಳಲ್ಲಿ ಇದಕ್ಕೆಂದೇ ಪ್ಲಾಸ್ಟಿಕ್ ಟ್ಯಾಂಕು, ವಿಮಾನ, ಸಿಪಾಯಿಗಳ ಡಬ್ಬಿಗಳು ಸಿಗುತ್ತವೆ. ಬಿಡಿಭಾಗ ಕತ್ತರಿಸಿ, ಅಂಟಿಸಿ, ಬಣ್ಣ ಬಳಿದರೆ ಎರಡನೇ ಮಹಾಯುದ್ಧದ ಯಾವುದೋ ಊರಿನ ಬೀದಿ ಮೇಜಿನ ಮೇಲೆ ಬಂದು ಕೂರುತ್ತದೆ. ಮಾನ್ವಿ, ದೇವದುರ್ಗ, ರಾಯಚೂರು ಸೀಮೆಯವರಾದ ನಾವು ಅಷ್ಟು ದೂರ ಹೋಗಬೇಕಿಲ್ಲ. ಕೃಷ್ಣಾ, ತುಂಗಭದ್ರಾ ಎಂಬ ಎರಡು ನದಿಗಳ ನಡುವಿನ ನಮ್ಮ ಈ ನೆಲಕ್ಕಾಗಿ ಇನ್ನೂರು ವರ್ಷ ಕಾದಾಟ ನಡೆದಿದೆ. ಅದರಲ್ಲಿ ದೊಡ್ಡದು 1520ರ ರಾಯಚೂರು ಕದನ. ವಿಜಯನಗರದ ಕೃಷ್ಣದೇವರಾಯ ಒಂದು ಕಡೆ, ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾ ಇನ್ನೊಂದು ಕಡೆ. ಆ ಮುತ್ತಿಗೆಯ ಒಂದು ತುಣುಕನ್ನು ನಮ್ಮ ಮನೆಯ ಪಡಸಾಲೆಯಲ್ಲಿ ಮಾಡಿ ನಿಲ್ಲಿಸುವುದು ಹೇಗೆ, ಹಾಗೆ ಮಾಡುವಾಗ ಪುಸ್ತಕ ಓದಿದರೆ ಹೊಳೆಯದ ಯಾವ ಸಂಗತಿ ಹೊಳೆಯುತ್ತದೆ ಎಂಬುದು ಇವತ್ತಿನ ಮಾತು.

ಮೊದಲು ನಮ್ಮ ಗುರುವನ್ನು ನೆನೆಯಬೇಕು. ಆತನ ಹೆಸರು ಯಾರಿಗೂ ಗೊತ್ತಿಲ್ಲ, ಕೆಲಸ ಮಾತ್ರ ರಾಯಚೂರು ಒಳಕೋಟೆಯ ಪಶ್ಚಿಮ ಗೋಡೆಯ ಮೇಲೆ ಇವತ್ತಿಗೂ ಇದೆ. ಅಲ್ಲಿ 41 ಅಡಿ 8 ಅಂಗುಲ ಉದ್ದದ ಒಂದೇ ಕಲ್ಲು ಇದೆ. ಕಾಕತೀಯರ ಕಡೆಯ ಗೋರೆ ಗನ್ನಯ್ಯ ರೆಡ್ಡಿಯ ಅಪ್ಪಣೆಯಂತೆ 1294ರಲ್ಲಿ ಕೋಟೆ ಕಟ್ಟಿದರೆಂಬ ಶಾಸನ ಅದರ ಮೇಲಿದೆ. ಶಾಸನದ ಜೊತೆಗೆ ಕಲ್ಲಿನಲ್ಲಿ ಗೆರೆಗಳಿಂದ ಒಂದು ಚಿತ್ರವನ್ನೂ ಕೊರೆದಿದ್ದಾರೆ. ಅದು ಯುದ್ಧದ ಚಿತ್ರ ಅಲ್ಲ. ಇದೇ ಕಲ್ಲನ್ನು ಗಾಡಿಯ ಮೇಲೆ ಹೇರಿ ತರುವ ಚಿತ್ರ. ಅರೆಕಾಲಿಲ್ಲದ ಗಟ್ಟಿ ಮರದ ಗಾಲಿಗಳು, ಮುಂದೆ ಸಾಲುಸಾಲು ಕೋಣಗಳು, ಹಿಂದೆ ಸನ್ನೆಕೋಲು ಹಾಕಿ ಗಾಲಿ ಮೀಟುತ್ತಿರುವ ಆಳುಗಳು. ಕೋಟೆ ಕಟ್ಟಿಸಿದವನ ಹೆಸರು ಅಕ್ಷರದಲ್ಲಿದ್ದರೆ, ಕಟ್ಟಿದವರ ಬೆನ್ನು ಬಾಗಿದ ಬಗೆ ಚಿತ್ರದಲ್ಲಿದೆ. ಸೈನ್ಯದ ಮಾದರಿ ಮಾಡಹೊರಟವರು ಕುಂಚ ಹಿಡಿಯುವ ಮೊದಲು ಈ ಗೋಡೆಯ ಮುಂದೆ ಹೋಗಿ ನಿಲ್ಲುವುದು ಒಳ್ಳೆಯದು.

ಹೊರಗಿನ ದೇಶದ ಒಬ್ಬನ ಕಥೆಯನ್ನೂ ಹೇಳಬೇಕು. ವಿಲಿಯಂ ಸೈಬೋರ್ನ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ 1815ರ ವಾಟರ್ಲೂ ಕದನದ ಮಾದರಿ ಮಾಡಲು ಹೊರಟ. 1830ರಲ್ಲಿ ಅದೇ ರಣಭೂಮಿಯ ಒಂದು ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ಉಳಿದು ನೆಲದ ಏರುತಗ್ಗುಗಳನ್ನೆಲ್ಲ ಅಳೆದ. ಕದನದಲ್ಲಿದ್ದ ಅಧಿಕಾರಿಗಳಿಗೆಲ್ಲ ಕಾಗದ ಬರೆದು, ಆ ಸಂಜೆ ನಿಮ್ಮ ತುಕಡಿ ಎಲ್ಲಿತ್ತು, ಎದುರಿಗೆ ಯಾರಿದ್ದರು ಎಂದು ಕೇಳಿದ. 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟಾಗ ಅದರಲ್ಲಿ 70 ಸಾವಿರಕ್ಕೂ ಹೆಚ್ಚು ಪುಟ್ಟ ಲೋಹದ ಗೊಂಬೆಗಳಿದ್ದವು. ಆದರೆ ಗೊಂಬೆಗಳು ಜಗಳ ತಂದವು. ನೆರವಿಗೆ ಬಂದ ಪ್ರಷ್ಯದ ಸೈನ್ಯವನ್ನು ಆ ಹೊತ್ತಿಗೆ ಅಷ್ಟು ಹತ್ತಿರ, ಅಷ್ಟು ದೊಡ್ಡದಾಗಿ ತೋರಿಸಿದ್ದು ಗೆದ್ದ ದಳಪತಿ ವೆಲ್ಲಿಂಗ್ಟನ್‌ಗೆ ಸರಿ ಕಾಣಲಿಲ್ಲ. ಕೊನೆಗೆ ಸೈಬೋರ್ನ್ ಸುಮಾರು 40 ಸಾವಿರ ಪ್ರಷ್ಯನ್ ಸೈನಿಕರ ಲೆಕ್ಕದ ಗೊಂಬೆಗಳನ್ನು ಕಿತ್ತು ತೆಗೆದ. ಆ ಮಾದರಿ ಲಂಡನ್ನಿನ ಸೈನ್ಯ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ. ಬರವಣಿಗೆಯಲ್ಲಾದರೆ "ಅಷ್ಟರಲ್ಲಿ ನೆರವಿನ ಸೈನ್ಯ ಬಂತು" ಎಂದು ತೇಲಿಸಿ ಬಿಡಬಹುದು. ಮಾದರಿಯಲ್ಲಿ ಹಾಗಾಗದು. ಗೊಂಬೆಯನ್ನು ಎಲ್ಲೋ ಒಂದು ಕಡೆ ಅಂಟಿಸಲೇಬೇಕು. ಅಂಟಿಸಿದೆವೆಂದರೆ ಒಂದು ಮಾತು ಕೊಟ್ಟಂತಾಯಿತು.

ಹಾಗಾದರೆ ರಾಯಚೂರಿನ ಯಾವ ಗಳಿಗೆಯನ್ನು ಆರಿಸಬೇಕು? ಈ ಕದನದ ವಿವರವೆಲ್ಲ ನಮಗೆ ಹೆಚ್ಚಾಗಿ ಸಿಗುವುದು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನುನಿಜ್ ಬರೆದಿಟ್ಟ ವೃತ್ತಾಂತದಲ್ಲಿ. ಕದನ ನಡೆದು ಹದಿನೈದು ವರ್ಷ ಕಳೆದ ಮೇಲೆ ಬರೆದದ್ದು. ರಾಬರ್ಟ್ ಸಿವೆಲ್ 1900ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ಕದನ ನಡೆದ ದಿನ 1520ರ ಮೇ 19, ಶನಿವಾರ ಎಂದು ಲೆಕ್ಕ ಹಾಕಿ ನಿಲ್ಲಿಸಿದವನೂ ಆತನೇ. ನುನಿಜ್‌ನ ಪ್ರಕಾರ ವಿಜಯನಗರದ ಕಡೆ 7,03,000 ಕಾಲಾಳು, 32,600 ಕುದುರೆ, 551 ಆನೆ. ಈ ಸಂಖ್ಯೆಯನ್ನು ಎಷ್ಟು ನಂಬಬೇಕೆಂದು ಇತಿಹಾಸಕಾರರು ಚರ್ಚಿಸುತ್ತಾರೆ. ನಾವು ಚರ್ಚೆ ಬಿಟ್ಟು ಪಟ್ಟಿ ಹಿಡಿದು ಅಳೆದು ನೋಡೋಣ.

ಮಾದರಿಕಾರರು ಹೆಚ್ಚಾಗಿ ಬಳಸುವ ಅಳತೆಗಳಲ್ಲಿ ಒಂದು 72ಕ್ಕೆ 1. ಅಂದರೆ ನಿಜದ 72 ಅಂಗುಲ ಮಾದರಿಯಲ್ಲಿ ಒಂದಂಗುಲ. 72 ಅಂಗುಲವೆಂದರೆ ಆರು ಅಡಿ. ಅಂಗುಲಕ್ಕೆ ಆರಡಿ ಎಂದು ನೆನಪಿಟ್ಟುಕೊಂಡರೆ ಲೆಕ್ಕ ಬಾಯಲ್ಲೇ ಆಗುತ್ತದೆ. ಆಳು ಒಂದಂಗುಲಕ್ಕೆ ಸ್ವಲ್ಪ ಕಡಿಮೆ. ಹತ್ತಡಿ ಎತ್ತರದ ಆನೆ ಒಂದೂಮುಕ್ಕಾಲು ಅಂಗುಲದೊಳಗೆ. ಕಾಕತೀಯರ ಆ ದೊಡ್ಡ ಕಲ್ಲು ಏಳಂಗುಲ. ಈಗ ಆ ಏಳು ಲಕ್ಷ ಕಾಲಾಳುಗಳಿಗೆ ತಲೆಗೆ ಮೂರಡಿ ಚೌಕದ ಜಾಗ ಕೊಡಿ, ಮಾದರಿಯಲ್ಲಿ ಅರ್ಧ ಅಂಗುಲ ಚೌಕ. ಒಟ್ಟು 1,220 ಚದರ ಅಡಿ ಆಗುತ್ತದೆ. ಮೂವತ್ತು ನಲವತ್ತರ ಸೈಟಿನ ತುಂಬ ಬರೀ ಆಳುಗಳು. ಕುದುರೆ, ಆನೆ, ಗುಡಾರ, ಓಡಾಡುವ ದಾರಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕೋಟೆಯಿಂದ ಕೃಷ್ಣೆಯ ದಂಡೆ ಇಪ್ಪತ್ತು ಕಿಲೋಮೀಟರ್ ಎಂದು ಹಿಡಿದರೆ ಮಾದರಿಯಲ್ಲಿ ಅದು 280 ಮೀಟರ್ ಹತ್ತಿರ ಬರುತ್ತದೆ. ಹೊಳೆ ತೋರಿಸಬೇಕಾದರೆ ಊರ ಹೊರಗೆ ಹೋಗಬೇಕು! ಹೀಗಾಗಿ ಇಡೀ ಕದನ ಮಾಡುವ ಆಸೆ ಮೊದಲ ದಿನವೇ ಕೈಬಿಡಬೇಕಾಗುತ್ತದೆ. ಅದು ನಷ್ಟವೇನಲ್ಲ. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ ಸಾಕು. ಅದರೊಳಗೆ ನಿಜದ 144 ಅಡಿ ಉದ್ದ, 108 ಅಡಿ ಅಗಲದ ನೆಲ ಹಿಡಿಸುತ್ತದೆ. ಗೋಡೆಯ ಒಂದು ತುಂಡಿಗೆ, ಅದರ ಕೆಳಗಿನ ಒಂದು ಗುಂಪಿಗೆ ಇದು ಬೇಕಾದಷ್ಟಾಯಿತು.

ಆ ಗುಂಪು ಯಾವುದೆಂದು ಹೇಳುತ್ತೇನೆ. ಮುತ್ತಿಗೆಯ ನಡುವೆ ಕೃಷ್ಣೆಯ ಕಡೆ ನಡೆದ ಮೇ 19ರ ಕದನದಲ್ಲಿ ಮೊದಲು ಆದಿಲ್‌ಶಾನ ಫಿರಂಗಿಗಳು ಒಟ್ಟಿಗೆ ಹಾರಿ ವಿಜಯನಗರದ ಮುಂಚೂಣಿ ಮುರಿದುಬಿತ್ತು. ಆಮೇಲೆ ರಾಯ ತಾನೇ ಕುದುರೆ ಏರಿ ಉಳಿದ ದಂಡನ್ನು ನುಗ್ಗಿಸಿದ, ಶತ್ರುಸೈನ್ಯ ಹೊಳೆಯ ಕಡೆ ಓಡಿತು, ಇಸ್ಮಾಯಿಲ್ ಆನೆಯ ಮೇಲೆ ತಪ್ಪಿಸಿಕೊಂಡ. ಕ್ಯಾಲೆಂಡರ್ ಚಿತ್ರಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ಕೋಟೆ ಬಿದ್ದದ್ದು ಅಲ್ಲಲ್ಲ. ರಾಯ ಮತ್ತೆ ರಾಯಚೂರಿಗೆ ಬಂದು ಮುತ್ತಿಗೆ ಮುಂದುವರಿಸಬೇಕಾಯಿತು. ಕುದುರೆಗಳ ಜೊತೆ ಬಂದಿದ್ದ ಕ್ರಿಸ್ಟೋವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನ ಸಂಗಡ ಕೋವಿ ಹಿಡಿದ ಇಪ್ಪತ್ತು ಮಂದಿ ಇದ್ದರು. ಅವರು ಗೋಡೆಯ ಮೇಲೆ ಕಂಡ ತಲೆಗೆ ಗುರಿಯಿಟ್ಟು ಹೊಡೆದರು. ಮೇಲಿನವರು ತಲೆ ಎತ್ತದಾದಾಗ ಕೆಳಗೆ ಗುದ್ದಲಿ, ಹಾರೆ ಹಿಡಿದ ಆಳುಗಳು ಗೋಡೆಯ ಕಲ್ಲು ಕೀಳತೊಡಗಿದರು. ಕೋಟೆಯ ಅಧಿಕಾರಿ ಏನಾಗುತ್ತಿದೆಯೆಂದು ಬಗ್ಗಿ ನೋಡಲು ಹೋಗಿ ಹಣೆಗೆ ಗುಂಡು ತಗುಲಿ ಸತ್ತ. ಮರುದಿನ ಊರು ಶರಣಾಯಿತು. ಇದೇ ಮುತ್ತಿಗೆಯ ಬಗ್ಗೆ ನುನಿಜ್ ಇನ್ನೊಂದು ಮಾತು ಬರೆದಿದ್ದಾನೆ: ಗೋಡೆಯಿಂದ ಕಿತ್ತು ತಂದ ಕಲ್ಲಿಗೆ, ಅದರ ಗಾತ್ರ ನೋಡಿ, ಹತ್ತರಿಂದ ಐವತ್ತು ಪಣದವರೆಗೆ ಕೂಲಿ ಕೊಡುತ್ತಿದ್ದರಂತೆ.

ನನ್ನ ಮಾದರಿಗೆ ನಾನು ಆರಿಸಿಕೊಂಡದ್ದು ಈ ಕಲ್ಲು ಕೀಳುವವರನ್ನು. 1294ರಲ್ಲಿ ಸನ್ನೆಕೋಲು ಹಾಕಿ ಕಲ್ಲು ತಂದು ಕೂರಿಸಿದರು. 226 ವರ್ಷದ ಮೇಲೆ ಹಾರೆ ಹಾಕಿ ಅದೇ ಕೋಟೆಯ ಕಲ್ಲು ಕಿತ್ತರು. ಎರಡಕ್ಕೂ ಬೆನ್ನು ಬಾಗಿಸಿದವರು ಒಂದೇ ತರಹದ ಜನ. ರಾಜರು, ಧ್ವಜಗಳು, ಕೋಟೆಯ ಒಡೆತನ ಬದಲಾದವು. ಕೆಲಸ ಬದಲಾಗಲಿಲ್ಲ.

ಇನ್ನು ಹುಡುಕಾಟ. ಕಿತ್ತವರು ಏನು ಉಟ್ಟಿದ್ದರು? ಸಿಪಾಯಿಗಳ ಮಟ್ಟಿಗೆ ಹಂಪಿಯ ಹಜಾರರಾಮ ಗುಡಿಯ ಹೊರಗೋಡೆ ನಮಗೆ ತೆರೆದಿಟ್ಟ ಪುಸ್ತಕ. ಕೆಳಗಿನಿಂದ ಮೇಲಕ್ಕೆ ಆನೆಯ ಸಾಲು, ಕುದುರೆಯ ಸಾಲು, ಆಯುಧ ಹಿಡಿದವರ ಸಾಲು, ಅದರ ಮೇಲೆ ಕುಣಿಯುವ ಹೆಂಗಸರು. ಕುದುರೆಯ ಜೀನು, ಲಗಾಮು, ಕತ್ತಿ ಹಿಡಿದ ಬಗೆ, ಕಚ್ಚೆ ಕಟ್ಟಿದ ಬಗೆ ಎಲ್ಲ ಅಲ್ಲಿ ಸಿಗುತ್ತವೆ. ಸರದಾರರಿಗೆ ಕುಲ್ಲಾಯಿ ಎಂಬ ಎತ್ತರದ ಟೋಪಿ. ತಿರುಮಲೆಯ ಗುಡಿಯಲ್ಲಿರುವ ಕೃಷ್ಣದೇವರಾಯನ ಲೋಹದ ಮೂರ್ತಿಯ ತಲೆಯ ಮೇಲೂ ಅದೇ ಇದೆ. ಹಾರೆ ಹಿಡಿದವನಿಗೆ ಮಾತ್ರ ಸೊಂಟಕ್ಕೊಂದು ಗಿಡ್ಡ ಬಟ್ಟೆ, ತಲೆಗೊಂದು ವಸ್ತ್ರ ಸಾಕು ಅಂತ ನನ್ನ ಊಹೆ.

ಹಿನ್ನೆಲೆಯಲ್ಲಿ ಏನಿರಬೇಕು, ಏನಿರಬಾರದು ಎಂಬುದು ಇನ್ನೂ ರುಚಿಯಾದ ಕೆಲಸ. ರಾಯಚೂರಿನ ಏಕ್ ಮಿನಾರ್ ಮಸೀದಿ ಕಟ್ಟಿದ್ದು 1513ರ ಸುಮಾರಿಗೆ. ಅಂದರೆ ಮುತ್ತಿಗೆಯ ಹೊತ್ತಿಗೆ ಅದರ ಗಾರೆ ಇನ್ನೂ ಹೊಸದು. 65 ಅಡಿ ಎತ್ತರದ ಆ ಮಿನಾರು ನಮ್ಮ ಅಳತೆಯಲ್ಲಿ ಸುಮಾರು ಹನ್ನೊಂದು ಅಂಗುಲ. ಗೋಡೆಯಾಚೆ ದೂರದಲ್ಲಿ ಕಾಣಲಿ ಎಂದಾದರೆ ಸ್ವಲ್ಪ ಚಿಕ್ಕದಾಗಿಯೇ ಮಾಡಬೇಕು. ಗಿಡಗಳ ವಿಷಯಕ್ಕೆ ಬಂದರೆ, ಈಗ ಕೋಟೆಯ ಸುತ್ತ, ನಮ್ಮ ಹೊಲದ ಬದುಗಳ ಮೇಲೆ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಅದು ಅಮೆರಿಕದ ಗಿಡ, ಭಾರತಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1520ರ ಮಾದರಿಯಲ್ಲಿ ಅದಕ್ಕೆ ಜಾಗ ಇಲ್ಲ. ಪಾಪಾಸುಕಳ್ಳಿಯೂ ಅಮೆರಿಕದಿಂದಲೇ ಬಂದದ್ದು. ಕರಿಜಾಲಿ, ಬೇವು, ಹುಣಸೆ ಇರಲಿ. ಮಾನ್ವಿ ಕಡೆಯ ಹಸಿರು ಭತ್ತದ ಗದ್ದೆ ಬಂದದ್ದು ತುಂಗಭದ್ರೆಯ ಕಾಲುವೆ ನೀರಿನಿಂದ, ಅಣೆಕಟ್ಟೆಯ ಕೆಲಸ ಮುಗಿದದ್ದು 1953ರಲ್ಲಿ. ಹಾಗಾಗಿ ನಮ್ಮ ಮಾದರಿಯ ಹೊಲದಲ್ಲಿ ಬಿಳಿಜೋಳ ಕೊಯ್ದ ಕೂಳೆ ಮಾತ್ರ ಉಳಿದಿರಬೇಕು. ಬುತ್ತಿ ಗಂಟಿನಲ್ಲಿ ರೊಟ್ಟಿ ಇರಬಹುದು, ಕೆಂಪು ಖಾರ ಇರಲಾರದು. ಮೆಣಸಿನಕಾಯಿಯೂ ಅಮೆರಿಕದ್ದೇ, ನಮ್ಮ ಹೊಲಗಳಿಗೆ ಆಗಿನ್ನೂ ಬಂದಿರಲಿಲ್ಲ. ಒಂದು ಪುಟ್ಟ ಹಲಗೆ ಸಿಂಗರಿಸುವ ನೆಪದಲ್ಲಿ ನಮ್ಮ ಸೀಮೆಯ ಐನೂರು ವರ್ಷದ ಬೇಸಾಯ, ಊಟ, ನೀರಾವರಿ ಎಲ್ಲದರ ತನಿಖೆ ಆಗಿಬಿಡುತ್ತದೆ.

ಈಗ ಕೈಕೆಲಸ. ಹಲಗೆಯ ಮೇಲೆ ಥರ್ಮಾಕೋಲ್ ಅಂಟಿಸಿ ನೆಲದ ಏರುತಗ್ಗು ಕೊರೆಯಿರಿ. ಸ್ಪ್ರೇ ಬಣ್ಣ, ಪೆಟ್ರೋಲ್ ಬೆರೆತ ಅಂಟು ತಗುಲಿದರೆ ಥರ್ಮಾಕೋಲ್ ಕರಗುತ್ತದೆ. ನೀರಿನಲ್ಲಿ ಕರಗುವ ಬಿಳಿ ಅಂಟು ಬಳಸಿರಿ. ಗೋಡೆಯನ್ನು ಥರ್ಮಾಕೋಲ್ ಮೇಲೆ ತೆಳ್ಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿದು ಮಾಡಿದರೆ, ಅರೆ ಆರಿದಾಗ ಮೊಳೆಯಿಂದ ಕಲ್ಲಿನ ಸಂದು ಗೀಚಬಹುದು. ಇಲ್ಲಿ ಎಚ್ಚರ ಬೇಕು. ಕಾಕತೀಯರ ಗೋಡೆ ಗಾರೆ ಇಲ್ಲದೆ ದೊಡ್ಡ ದೊಡ್ಡ ಕಲ್ಲುಗಳನ್ನು ನಯವಾಗಿ ಕೆತ್ತಿ ಒಂದಕ್ಕೊಂದು ಕೂರಿಸಿ ಕಟ್ಟಿದ್ದು. ಸಂದು ಕೂದಲೆಳೆಯಷ್ಟಿರಬೇಕು. ಇಟ್ಟಿಗೆ ಗೋಡೆಯ ಹಾಗೆ ದಪ್ಪ ಬಿಳಿ ಗೆರೆ ಬಂದರೆ ಅದು ರಾಯಚೂರು ಆಗುವುದಿಲ್ಲ. ಕಿತ್ತ ಜಾಗದಲ್ಲಿ ಒಳಗಿನ ಮಣ್ಣು, ಸಣ್ಣ ಕಲ್ಲು ಉದುರಿರುವುದನ್ನು ತೋರಿಸಿ.

ಆಳುಗಳನ್ನು ಮಾಡುವುದು ಹೇಗೆ? 1520ರ ಕನ್ನಡ ನಾಡಿನ ಕೂಲಿಯವನು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಆದರೆ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಬೆಳೆದ ಕೈ ನಮ್ಮದು. ಎರೆಮಣ್ಣು ತಿದ್ದಲು ಒಳ್ಳೆಯದು, ಒಣಗಿದಾಗ ಮಾತ್ರ ಕುಗ್ಗಿ ಸೀಳುತ್ತದೆ. ಒಂದಂಗುಲದ ಗೊಂಬೆಯ ಕೈ ಅದರಲ್ಲಿ ನಿಲ್ಲುವುದಿಲ್ಲ. ಇದಕ್ಕೆ ಉಪಾಯ ಕಿನ್ನಾಳದಲ್ಲಿದೆ. 1997ರವರೆಗೆ ಕೊಪ್ಪಳ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇತ್ತು, ಕಿನ್ನಾಳ ಅದರ ಪಕ್ಕದ ಊರು. ಅಲ್ಲಿನ ಚಿತ್ರಗಾರರು ಹಗುರ ಮರದ ಗೊಂಬೆಗಳ ಮೇಲೆ ಕಿಟ್ಟ ಬಳಿಯುತ್ತಾರೆ. ಗೋಣಿನಾರು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನ ಜೊತೆ ಕಲಸಿದ್ದೇ ಕಿಟ್ಟ. ನಾರು ಇರುವುದರಿಂದ ಅದು ಹಿಡಿದುಕೊಳ್ಳುತ್ತದೆ, ಸೀಳುವುದಿಲ್ಲ. ತೆಳು ತಾಮ್ರದ ತಂತಿಯನ್ನು ಆಳಿನ ಆಕಾರಕ್ಕೆ ಬಗ್ಗಿಸಿ, ಮೇಲೆ ನುಣ್ಣಗೆ ಜರಡಿ ಹಿಡಿದ ಕಿಟ್ಟ ತುಂಬಿ, ಸೂಜಿಯಿಂದ ತಿದ್ದಿ. ತಂತಿ ಬಗ್ಗಿಸುವ ಮೊದಲು ಹಾರೆ ಹಾಕಿ ಕಲ್ಲು ಮೀಟುವವರನ್ನು ಸರಿಯಾಗಿ ನೋಡಬೇಕು. ಭಾರ ಹಿಂದಿನ ಕಾಲ ಮೇಲೆ ಇರುತ್ತದೆ, ಕುತ್ತಿಗೆ ಒಳಗೆ ಸರಿದಿರುತ್ತದೆ, ಎರಡು ಕೈಗಳ ನಡುವೆ ಒಂದು ಮೊಳದ ಅಂತರ ಇರುತ್ತದೆ. ಇದು ಸರಿ ಬಂತೆಂದರೆ ಮುಖದಲ್ಲಿ ಕಣ್ಣು ಬರೆಯದಿದ್ದರೂ ಗೊಂಬೆ ಕೆಲಸ ಮಾಡುತ್ತದೆ.

ಬಣ್ಣ ಹಚ್ಚುವುದರಲ್ಲಿ ನಾಲ್ಕು ಹಂತ. ಮೊದಲು ತೆಳ್ಳಗಿನ ಬೂದು ಪ್ರೈಮರ್, ಇಲ್ಲದಿದ್ದರೆ ಮೇಲಿನ ಬಣ್ಣ ಚಕ್ಕೆಯೇಳುತ್ತದೆ. ಆಮೇಲೆ ಮೂಲ ಬಣ್ಣ. ಇಲ್ಲೊಂದು ಗುಟ್ಟು: ದೂರದ ವಸ್ತುವಿನ ಬಣ್ಣ ನಮ್ಮ ಕಣ್ಣಿಗೆ ಸ್ವಲ್ಪ ಮಾಸಿ ಕಾಣುತ್ತದೆ. ಒಂದಂಗುಲದ ಆಳನ್ನು ಒಂದಡಿ ದೂರದಿಂದ ನೋಡುವುದೆಂದರೆ 72 ಅಡಿ ದೂರದಿಂದ ನಿಜವಾದ ಮನುಷ್ಯನನ್ನು ನೋಡಿದಂತೆ. ಹೀಗಾಗಿ ಅಚ್ಚ ಕಪ್ಪು, ಅಚ್ಚ ಬಿಳಿ, ಅಚ್ಚ ಕೆಂಪು ಬಳಸಬಾರದು. ಕಪ್ಪಿಗೆ ಸ್ವಲ್ಪ ಬೂದು, ಬಿಳಿಗೆ ಸ್ವಲ್ಪ ಮಣ್ಣಿನ ಬಣ್ಣ ಬೆರೆಸಬೇಕು. ಮೂರನೆಯದು ವಾಷ್. ನೀರಾದ ಕಂದು ಬಣ್ಣವನ್ನು ಮೇಲೆ ಹರಿಸಿದರೆ ಬಟ್ಟೆಯ ಮಡಿಕೆ, ಕಲ್ಲಿನ ಸಂದು, ಪಕ್ಕೆಲುಬಿನ ಗೆರೆಗಳಲ್ಲಿ ಅದು ನಿಂತು ನೆರಳಾಗುತ್ತದೆ. ನಾಲ್ಕನೆಯದು ಡ್ರೈ ಬ್ರಷ್. ಕುಂಚಕ್ಕೆ ತಿಳಿ ಬಣ್ಣ ತಾಗಿಸಿ, ಬಟ್ಟೆಯಲ್ಲಿ ಪೂರಾ ಒರೆಸಿ, ಉಬ್ಬಿದ ಜಾಗಗಳ ಮೇಲೆ ಹಗುರವಾಗಿ ಆಡಿಸಿದರೆ ಬಿಸಿಲು ಬಿದ್ದಂತಾಗುತ್ತದೆ. ವಾಷ್ ಮತ್ತು ಡ್ರೈ ಬ್ರಷ್ಷಿನ ಈ ಜೋಡಿಯನ್ನು ಲೋಕದ ಮಾದರಿಕಾರರಿಗೆಲ್ಲ ರೂಢಿ ಮಾಡಿಸಿದವರಲ್ಲಿ ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡನ್ ಒಬ್ಬ. ಆದರೆ ಅವರ ನಾಡಿನ ಬೆಳಕು ಬೇರೆ, ನಮ್ಮದು ಬೇರೆ. ಮೇ ಕೊನೆಯ ನಮ್ಮ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ. ನೆರಳು ಕಾಲ ಬುಡದಲ್ಲೇ ಮುದುಡಿರುತ್ತದೆ. ಹಾಗಾಗಿ ಹೆಗಲು, ತಲೆಯ ಬಟ್ಟೆ, ಕಲ್ಲಿನ ಮೇಲಂಚು ಇಷ್ಟಕ್ಕೇ ತಿಳಿ ಬಣ್ಣ. ಗಲ್ಲದ ಕೆಳಗೆ ಗಾಢ ನೆರಳು. ಕೊನೆಗೆ ಜರಡಿ ಹಿಡಿದ ಮಣ್ಣಿನ ಧೂಳನ್ನು ಮೊಣಕಾಲಿನವರೆಗೆ ಒತ್ತಿ, ಹೊಳಪಿಲ್ಲದ ವಾರ್ನಿಷ್ ಕೊಟ್ಟರೆ ಎಲ್ಲರೂ ಒಂದೇ ನೆಲದವರಾಗುತ್ತಾರೆ.

ಈ ಮಾದರಿ ನೋಡಲು ಬಂದ ಹುಡುಗರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: "ಸರ, ರಾಜ ಎಲ್ಲಿ ಅದಾನ್ರಿ?"

"ಇದರಾಗ ಇಲ್ಲಪ್ಪ" ಅನ್ನುತ್ತೇನೆ. ನೂರೆಂಟು ಅಡಿ ಅಗಲದ ಆ ನೆಲದಲ್ಲಿ ರಾಯ ಇದ್ದನೆಂದು ಯಾರೂ ಬರೆದಿಲ್ಲ. ಬದಲಿಗೆ ಒಂದು ಮೂಲೆಯಲ್ಲಿ ಚರ್ಮದ ಚೀಲ ಹೊತ್ತ ನೀರಿನವನಿದ್ದಾನೆ. ದಂಡು ಹೊರಟಾಗ ದಾರಿಯುದ್ದಕ್ಕೂ 12 ಸಾವಿರ ಮಂದಿ ನೀರು ಹೊರುವವರನ್ನು ನಿಲ್ಲಿಸಿದ್ದರೆಂದು ನುನಿಜ್ ಬರೆದಿದ್ದಾನೆ. ಲೆಕ್ಕ ಹೆಚ್ಚೋ ಕಡಿಮೆಯೋ, ನಮ್ಮ ಬೇಸಿಗೆಯಲ್ಲಿ ಅಷ್ಟು ಜನರನ್ನು ನಡೆಸಬೇಕಾದರೆ ನೀರು ಮೊದಲು ಬೇಕೆಂಬುದು ನಮ್ಮೂರು ಕುರ್ಡಿಯ ಯಾವ ಹುಡುಗನಿಗೂ ಬಿಡಿಸಿ ಹೇಳಬೇಕಿಲ್ಲ. ಅಗಸರು, ಕಮ್ಮಾರರು, ಹುಲ್ಲು ಹೊರುವವರು ಇಲ್ಲದೆ 551 ಆನೆ ಒಂದು ಹೆಜ್ಜೆ ಇಡುವುದಿಲ್ಲ. ಗೆದ್ದವರ ಲೂಟಿಯ ಪಟ್ಟಿಯಲ್ಲಿ 400 ದೊಡ್ಡ ಫಿರಂಗಿಗಳಿವೆ. ಅವನ್ನು ಎಳೆದ ಎತ್ತುಗಳಿಗೂ ಮೇವು ಹಾಕಿದವರಿದ್ದರಲ್ಲವೇ? ಮೇಜಿನ ಮೇಲೆ ಒಂದು ಫಿರಂಗಿ ಇಟ್ಟು ನೋಡಿ. ಅದು ಅಲ್ಲಿಗೆ ಹೇಗೆ ಬಂತು ಎಂದು ತೋರಿಸುವ ಹೊತ್ತಿಗೆ ಹಲಗೆ ತುಂಬಿರುತ್ತದೆ. ಸೈನ್ಯದ ಮಾದರಿ ಮಾಡುವುದರಿಂದ ಮಕ್ಕಳಲ್ಲಿ ಯುದ್ಧದ ಹುಚ್ಚು ಬೆಳೆಯುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ಅಳತೆ ಬಿಟ್ಟು ಮಾಡಿದರೆ ಹಾಗಾಗಬಹುದು. ಅಳತೆಗೆ ಸರಿಯಾಗಿ ಮಾಡಿದವರಿಗೆ ಯುದ್ಧದಲ್ಲಿ ಕತ್ತಿಗಿಂತ ಹೊರೆ ಹೆಚ್ಚು ಕಾಣುತ್ತದೆ.

ಶಾಲೆಯ ಮಾಸ್ತರುಗಳಿಗೆ, ರಜೆಯಲ್ಲಿ ಏನು ಮಾಡಲಿ ಅನ್ನುವ ಹುಡುಗರಿಗೆ ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ. ಮಾದರಿ ಮುಗಿದ ಮೇಲೆ ಅದರ ಮುಂದೆ ಒಂದು ಚೀಟಿ ಅಂಟಿಸಿರಿ. ಮೇಲೆ ಸ್ಥಳ, ವರ್ಷ, ಅಳತೆ ಬರೆಯಿರಿ. ಕೆಳಗೆ ಎರಡು ಸಾಲು ಮಾಡಿರಿ. ಎಡಗಡೆ, ಬರೆದಿಟ್ಟದ್ದರಿಂದ ಅಥವಾ ಕಲ್ಲಿನ ಮೇಲೆ ಕಂಡದ್ದರಿಂದ ತಿಳಿದದ್ದು: ಹಾರೆ, ಗುದ್ದಲಿ, ಕೋವಿ, ಗಾರೆಯಿಲ್ಲದ ಗೋಡೆ, ಮಿನಾರು. ಬಲಗಡೆ, ನಾವು ಊಹಿಸಿದ್ದು: ಕೂಲಿಯವನ ತಲೆವಸ್ತ್ರದ ಬಣ್ಣ, ಬೇವಿನ ಮರ ನಿಂತ ಜಾಗ, ಕೀಳುವವರ ಸಂಖ್ಯೆ. ಸೈಬೋರ್ನ್ ಇಂಥ ಚೀಟಿ ಅಂಟಿಸಿದ್ದರೆ ಅವನ ಜಗಳ ಅರ್ಧ ಕಡಿಮೆಯಾಗುತ್ತಿತ್ತೇನೋ. ಬಲಗಡೆಯ ಸಾಲು ಎಡಗಡೆಗಿಂತ ಉದ್ದ ಬಂದರೆ ನಾಚಿಕೆ ಬೇಡ. ಯಾರಾದರೂ ಅದನ್ನು ಓದಿ, ಹಂಪಿಗೋ ರಾಯಚೂರು ಪಕ್ಕದ ಮಲಿಯಾಬಾದಿನ ಕಲ್ಲಾನೆಗಳ ಹತ್ತಿರಕ್ಕೋ ಹೋಗಿ ನೋಡಿಬಂದು, ಬಲಗಡೆಯ ಒಂದು ಮಾತನ್ನು ಎಡಗಡೆಗೆ ಬರೆಯುವಂತಾದರೆ ಮಾದರಿ ಮಾಡಿದ್ದಕ್ಕೆ ಕೂಲಿ ಬಂದಂತೆ.